ಫಿಟ್ಸ್ ಮಾತ್ರೆ ಬಗ್ಗೆ ಬಾಯಿಬಿಟ್ಟು ಹೇಳುವ ಕ್ಲಿನಿಕ್: ಐದಕ್ಕೆ ನಾಲ್ಕು ಸ್ಟಾರ್

ಫಿಟ್ಸ್‌ಗೆ ಅಂತ ಎಂಟು ವರ್ಷ ವ್ಯಾಲ್ಪ್ರೋಯೇಟ್ ಅನ್ನೋ ಮಾತ್ರೆ ನುಂಗಿದ್ದೇನೆ. ಹಳೇ ಡಾಕ್ಟರು ಮದುವೆಗೆ ಶುಭಾಶಯ ಹೇಳಿದರೇ ಹೊರತು, ಈ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಏನು ಮಾಡಬಹುದು ಅಂತ ಒಂದು ಮಾತೂ ಹೇಳಲಿಲ್ಲ. ಮೆಡಿಕಲ್ ಶಾಪಿನವರಂತೂ ಸ್ಟ್ರಿಪ್ ಕತ್ತರಿಸಿ ಕೊಟ್ಟು ಚಿಲ್ಲರೆ ಕೇಳುತ್ತಿದ್ದರು, ಅಷ್ಟೇ.

ಅಕ್ಕನ ಮಾತು ಕೇಳಿ ಮನೆ ಹತ್ತಿರದ ಈ ಸಣ್ಣ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಮುಕ್ಕಾಲು ಗಂಟೆ ಮಾತಾಡಿದರು. ಚೀಟಿ ಹಿಂದೆ 100 ಚುಕ್ಕಿ ಇಟ್ಟು, ಯಾವ ಮಾತ್ರೆಯೂ ಇಲ್ಲದ ತಾಯಂದಿರ ಮಕ್ಕಳಲ್ಲೂ 2-3ಕ್ಕೆ ಹುಟ್ಟುದೋಷ ಇರುತ್ತದೆ, ವ್ಯಾಲ್ಪ್ರೋಯೇಟ್‌ನಲ್ಲಿ ಅದು ಸುಮಾರು 10, ಡೋಸ್ ಏರಿದಷ್ಟೂ ಜಾಸ್ತಿ ಅಂತ ಪೆನ್ನಿನಲ್ಲಿ ಸುತ್ತು ಹಾಕಿ ತೋರಿಸಿದರು. ಬೆನ್ನುಹುರಿ, ಹೃದಯ, ಸೀಳುತುಟಿ. ನೋಡೋಕೆ ಚೆನ್ನಾಗೇ ಹುಟ್ಟಿದ ಮಗು ಕೂಡ ಆಮೇಲೆ ಮಾತು, ಕಲಿಕೆಯಲ್ಲಿ ಹಿಂದೆ ಬೀಳಬಹುದಂತೆ, ಅದು 100ಕ್ಕೆ 30-40. ಬೆನ್ನುಹುರಿ ಮೂಡುವುದು ಗರ್ಭ ನಿಂತ ಮೊದಲ ನಾಲ್ಕು ವಾರದಲ್ಲೇ, ಎಷ್ಟೋ ಸಲ ಬಸುರಿ ಅಂತ ಗೊತ್ತಾಗುವಷ್ಟರಲ್ಲಿ ಆ ಕೆಲಸ ಮುಗಿದೇ ಹೋಗಿರುತ್ತದೆ. ಮೊದಲೇ ಕೇಳಬೇಕಿತ್ತು ಅಲ್ವಾ?

ಹೆದರಿ, ನಾಳೆಯಿಂದಲೇ ಬಿಟ್ಟುಬಿಡ್ತೀನಿ ಅಂದೆ. ಬೈದರು. ಸುಮ್ನೆ ನಿಲ್ಲಿಸಿ ಜೋರಾಗಿ ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರಿಗೂ ಅಪಾಯ. ನಿಧಾನವಾಗಿ ಲೆವೆಟಿರಾಸಿಟಮ್ ಅನ್ನೋ ಇನ್ನೊಂದು ಫಿಟ್ಸ್ ಮಾತ್ರೆಗೆ ಬದಲಾಯಿಸಿದರು. ಇದರಲ್ಲಿ ಅಪಾಯ ಹೆಚ್ಚುಕಮ್ಮಿ ಎಲ್ಲರಷ್ಟೇ. ಜೊತೆಗೆ ಬಸುರಿಗೆ ಮೊದಲೇ 5 ಮಿಲಿಗ್ರಾಂ ಫೋಲಿಕ್ ಆಸಿಡ್. ಬಸುರಿನಲ್ಲಿ ರಕ್ತದಲ್ಲಿರುವ ಮಾತ್ರೆಯ ಮಟ್ಟ ಇಳಿಯುತ್ತದೆ, ಅದಕ್ಕೇ ಆಗಾಗ ರಕ್ತ ಪರೀಕ್ಷೆ.

ಒಂದು ಸ್ಟಾರ್ ಕಟ್ ಮಾಡಿದ್ದು ಕಾಯುವುದಕ್ಕೆ. ಆರು ಕುರ್ಚಿ, ಇಪ್ಪತ್ತು ಜನ, ಫ್ಯಾನ್ ಒಂದೇ. ಏಳು ತಿಂಗಳ ಹೊಟ್ಟೆ ಹೊತ್ತು ಮೊನ್ನೆ ಬಾಗಿಲ ಹತ್ತಿರ ನಿಂತೇ ಇದ್ದೆ.