ಎಳೆಯುವ ನಾಯಿಗೆ ಯಾವ ಪಟ್ಟಿ? ಕಾರವಾರದ ಮರಳಿನಲ್ಲೂ ಶಿರಸಿಯ ಮಳೆಯಲ್ಲೂ ಬಳಸಿ ನೋಡಿದ ಸಾಧನಗಳ ಹೋಲಿಕೆ

ನಾಯಿಯನ್ನು ಹೊರಗೆ ಕರೆದೊಯ್ಯುವಾಗ ಎದುರಾಗುವ ಕಿರಿಕಿರಿಗಳನ್ನೆಲ್ಲ ಒಂದೇ ಗಂಟಿಗೆ ಕಟ್ಟಿ, ಅದಕ್ಕೊಂದು ಬೆಲ್ಟು ಕೊಡಿ ಎಂದು ಅಂಗಡಿಯವನನ್ನು ಕೇಳುವುದು ನಮ್ಮಲ್ಲಿ ವಾಡಿಕೆ. ಆದರೆ ಮುಂದಕ್ಕೆ ಜಗ್ಗುವುದು, ಬೀದಿನಾಯಿ ಕಂಡೊಡನೆ ಬೊಗಳುತ್ತ ಹಾರುವುದು, ನೆಲದ ಮೇಲೆ ಬಿದ್ದದ್ದನ್ನು ಬಾಯಿಗೆ ಹಾಕುವುದು ಮತ್ತು ಗಾಬರಿಯಾದಾಗ ಹಿಂದಕ್ಕೆ ಸರಿದು ಪಟ್ಟಿಯಿಂದ ತಲೆ ನುಣುಚಿಸಿಕೊಳ್ಳುವುದು, ಈ ನಾಲ್ಕಕ್ಕೂ ಕಾರಣಗಳು ಬೇರೆ. ಒಂದಕ್ಕೆ ಒದಗುವ ಸಾಧನ ಇನ್ನೊಂದಕ್ಕೆ ನಿರುಪಯೋಗಿಯಾಗಬಹುದು, ಕೆಲವೊಮ್ಮೆ ಅಪಾಯಕಾರಿಯೂ ಆಗಬಹುದು. ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಲ್ಯಾಬ್ರಡಾರ್ ಸುಮಾರು 30 ಕಿಲೋ ತೂಗುವ, ಜಗ್ಗುವುದರಲ್ಲಿ ಪಳಗಿದ ಗಂಡುನಾಯಿ. ಶಿರಸಿಯ ಸಮೀಪ ಅಡಿಕೆ ತೋಟದ ಅಂಚಿನಲ್ಲಿರುವ ಅಣ್ಣನ ಮನೆಯಲ್ಲಿರುವುದು ಪುಟ್ಟ ಪೊಮೇರಿಯನ್. ಈ ಎರಡು ನಾಯಿಗಳ ಜೊತೆ ನಡೆದು ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಎಲ್ಲರ ಮನೆಯಲ್ಲೂ ಇರುವ ಸಾಮಾನ್ಯ ಕೊರಳಪಟ್ಟಿಯಿಂದಲೇ ಆರಂಭಿಸಬಹುದು. ಎಳೆಯದ ನಾಯಿಗೆ ಇದಕ್ಕಿಂತ ಸರಳವಾದದ್ದು ಬೇರೊಂದಿಲ್ಲ. ಎಳೆಯುವ ನಾಯಿಗೆ ಮಾತ್ರ ಅದರ ಭಾರವೆಲ್ಲ ಕೊರಳಿನ ಮೇಲೆಯೇ ಬೀಳುತ್ತದೆ. ಶ್ವಾಸನಾಳ, ಅನ್ನನಾಳ, ಥೈರಾಯ್ಡ್ ಗ್ರಂಥಿ ಮತ್ತು ಮುಖ್ಯ ರಕ್ತನಾಳಗಳು ಇರುವುದು ಅದೇ ಭಾಗದಲ್ಲಿ. ಕೊರಳಪಟ್ಟಿಗೆ ಎದುರಾಗಿ ಜಗ್ಗುವಾಗ ನಾಯಿಯ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಎದೆಪಟ್ಟಿ ತೊಡಿಸಿದಾಗ ಹಾಗಾಗುವುದಿಲ್ಲ ಎಂದು 2006ರಲ್ಲಿ ಪ್ರಕಟವಾದ ಒಂದು ಪಶುವೈದ್ಯಕೀಯ ಅಧ್ಯಯನ ತೋರಿಸಿದೆ. ಪೊಮೇರಿಯನ್‌ನಂತಹ ಸಣ್ಣ ತಳಿಗಳಲ್ಲಿ ಶ್ವಾಸನಾಳದ ಮೃದ್ವಸ್ಥಿ ಸಡಿಲಗೊಂಡು ನಾಳವೇ ಕುಗ್ಗುವ ಕಾಯಿಲೆ ಹೆಚ್ಚಾಗಿ ಕಾಣುತ್ತದೆ. ಅಂತಹ ನಾಯಿ ಒಣ ಕೆಮ್ಮು ಕೆಮ್ಮುತ್ತದೆ, ಕೊರಳಿಗೆ ಒತ್ತಡ ಬಿದ್ದಾಗ ಆ ಕೆಮ್ಮು ಉಲ್ಬಣಿಸುತ್ತದೆ. ಆದ್ದರಿಂದ ಶಿರಸಿಯ ನಾಯಿಯ ವಿಷಯದಲ್ಲಿ ಹೋಲಿಕೆಯೇ ಅನಗತ್ಯವಾಗಿತ್ತು: ಅದರ ಹಗ್ಗ ಕೊರಳಿಗೆ ಸೇರುವುದೇ ಇಲ್ಲ. ಕೊರಳಪಟ್ಟಿ ಇರುವುದು ಮಾಲೀಕರ ಫೋನ್ ನಂಬರು ಕೆತ್ತಿದ ಬಿಲ್ಲೆಯನ್ನು ತೂಗಿಸುವುದಕ್ಕಷ್ಟೇ.

ಪಟ್ಟಿ ಯಾವುದರಿಂದ ಮಾಡಿದ್ದು ಎಂಬುದೂ ನಮ್ಮ ಜಿಲ್ಲೆಯಲ್ಲಿ ಸಣ್ಣ ವಿಷಯವಲ್ಲ. ಚರ್ಮದ ಪಟ್ಟಿ ನೋಡಲು ಚೆಂದವಾದರೂ ಶಿರಸಿಯ ಆಷಾಢದಲ್ಲಿ ಅದು ಒಣಗುವುದೇ ಇಲ್ಲ. ಬೂಸು ಹಿಡಿದು, ಗಟ್ಟಿಯಾಗಿ, ಕೊನೆಗೆ ಹೊಲಿಗೆಯ ಬಳಿ ಬಿರುಕು ಬಿಡುತ್ತದೆ. ನೈಲಾನ್ ಬೇಗ ಒಣಗುತ್ತದೆ. ಕಾರವಾರದಲ್ಲಿ ತೊಂದರೆ ಇರುವುದು ಪಟ್ಟಿಗಿಂತ ಹೆಚ್ಚಾಗಿ ಕೊಂಡಿಯಲ್ಲಿ: ನಿಕಲ್ ಲೇಪನದ ಅಗ್ಗದ ಕೊಂಡಿಗಳ ಸ್ಪ್ರಿಂಗು ಉಪ್ಪುಗಾಳಿಗೆ ತುಕ್ಕು ಹಿಡಿದು ಅರ್ಧ ತೆರೆದ ಸ್ಥಿತಿಯಲ್ಲೇ ನಿಂತುಬಿಡುತ್ತದೆ. ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಕೊಂಡಿಗೆ ಸ್ವಲ್ಪ ಹೆಚ್ಚು ಹಣ ಕೊಡುವುದು ಇಲ್ಲಿ ದುಂದುವೆಚ್ಚವಲ್ಲ.

ಇನ್ನು ಸರಪಳಿ. ಎಳೆದಾಗ ಬಿಗಿಯುವ, ಬಿಟ್ಟಾಗ ಸಡಿಲವಾಗಬೇಕಾದ ಚೋಕ್ ಚೈನನ್ನು ದೊಡ್ಡ ನಾಯಿಗೆ ಇದೇ ಸರಿ ಎಂದು ಇಂದಿಗೂ ಅಂಗಡಿಗಳಲ್ಲಿ ಮೊದಲು ಕೈಗಿಡುತ್ತಾರೆ. ನಾಯಿ ಎಡಬದಿಯಲ್ಲಿ ನಡೆಯುವುದಾದರೆ, ಅದರ ಎದುರಿಗೆ ನಿಂತು ನೋಡಿದಾಗ ಸರಪಳಿ ಇಂಗ್ಲಿಷಿನ ಪಿ ಅಕ್ಷರದಂತೆ ಕಾಣಬೇಕು. ತಿರುವುಮುರುವಾಗಿ ತೊಡಿಸಿದರೆ ಬಿಗಿದದ್ದು ಸಡಿಲವಾಗುವುದಿಲ್ಲ. ತರಬೇತುದಾರರು ಹೇಳುವ ಪ್ರಕಾರ ಕ್ಷಣಾರ್ಧದ ಒಂದು ಜಗ್ಗು, ಕೂಡಲೇ ಪೂರ್ಣ ಸಡಿಲಿಕೆ, ಇಷ್ಟೇ ಅದರ ಬಳಕೆ. ಆದರೆ ಕಡಲತೀರದಲ್ಲಿ ಬಳಸಿದ ಸರಪಳಿಯ ಕಣ್ಣುಗಳಲ್ಲಿ ಮರಳು ಮತ್ತು ತುಕ್ಕು ಸೇರಿಕೊಂಡು ಆ ಸಡಿಲಿಕೆಯೇ ತಡವಾಗುತ್ತದೆ. ನಮ್ಮ ನಾಯಿಯಂತೂ ಎದುರಿನ ಆಕರ್ಷಣೆ ಬಲವಾಗಿದ್ದಾಗ ಗೊರಗೊರ ಸದ್ದು ಮಾಡುತ್ತಲೇ ಜಗ್ಗುತ್ತಿತ್ತು. ಸರಪಳಿಯಿಂದ ಅದರ ವೇಗ ಕಡಿಮೆಯಾಗಲಿಲ್ಲ, ಕೊರಳಿನ ಕೂದಲು ಕಡಿಮೆಯಾಯಿತು. ಅದಕ್ಕಿಂತ ಮುಖ್ಯವಾದ ಆಕ್ಷೇಪ ಇನ್ನೊಂದಿದೆ. ಬೀದಿನಾಯಿ ಕಂಡಾಗಲೆಲ್ಲ ಕೊರಳಿಗೆ ನೋವಾದರೆ, ತಾನು ಬೊಗಳಿದ್ದಕ್ಕೆ ನೋವಾಯಿತು ಎಂದೇ ನಾಯಿ ಅರ್ಥಮಾಡಿಕೊಳ್ಳುತ್ತದೆ ಎನ್ನುವಂತಿಲ್ಲ. ಎದುರಿನ ನಾಯಿ ಬಂದದ್ದರಿಂದಲೇ ನೋವಾಯಿತು ಎಂಬ ನಂಟು ಅದರ ತಲೆಯಲ್ಲಿ ಬೆಸೆದುಕೊಳ್ಳಬಹುದು. ಆಗ ಮುಂದಿನ ಸಲ ಅದು ಇನ್ನೂ ದೂರದಿಂದಲೇ, ಇನ್ನೂ ಜೋರಾಗಿ ಹಾರುತ್ತದೆ.

ಇದೇ ಕಾರಣಕ್ಕೆ ಒಳಮುಖವಾಗಿ ಮುಳ್ಳುಗಳಿರುವ ಪ್ರಾಂಗ್ ಪಟ್ಟಿಯನ್ನೂ ವಿದ್ಯುತ್ ಆಘಾತ ನೀಡುವ ಪಟ್ಟಿಯನ್ನೂ ನಾನು ಪ್ರಯೋಗಕ್ಕೆ ತೆಗೆದುಕೊಳ್ಳಲಿಲ್ಲ. ವೇಲ್ಸ್ 2010ರಲ್ಲಿಯೇ ವಿದ್ಯುತ್ ಪಟ್ಟಿಯ ಬಳಕೆಯನ್ನು ನಿಷೇಧಿಸಿತು. ಜರ್ಮನಿಯಲ್ಲಿ 2022ರ ಆರಂಭದಿಂದ ಮುಳ್ಳುಪಟ್ಟಿಯನ್ನು ತರಬೇತಿಗೆ ಬಳಸುವಂತಿಲ್ಲ. ಹಿಮಾಲಯದ ಕುರಿಗಾಹಿಗಳ ನಾಯಿಗಳ ಕೊರಳಲ್ಲಿಯೂ ಮುಳ್ಳಿನ ಕಬ್ಬಿಣದ ಪಟ್ಟಿ ಇರುತ್ತದೆ, ಆದರೆ ಅದರ ಮುಳ್ಳುಗಳು ಹೊರಮುಖವಾಗಿ, ಚಿರತೆಯ ಹಲ್ಲಿಗೆ ಎದುರಾಗಿ ಇರುತ್ತವೆ. ಚಿರತೆ ಕೊಟ್ಟಿಗೆಯವರೆಗೂ ಬಂದು ಹೋಗುವ ಶಿರಸಿ ಕಡೆಯವರಿಗೆ ಆ ಮುಳ್ಳಿನ ಉಪಯೋಗವನ್ನು ವಿವರಿಸಬೇಕಾಗಿಲ್ಲ.

ನಿಜವಾದ ಪೈಪೋಟಿ ಇರುವುದು ಎದೆಪಟ್ಟಿ ಮತ್ತು ಮುಖಪಟ್ಟಿಗಳ ನಡುವೆ, ಅಂದರೆ ಹಾರ್ನೆಸ್ ಮತ್ತು ಹೆಡ್ ಹಾಲ್ಟರ್‌ಗಳ ನಡುವೆ.

ಎದೆಪಟ್ಟಿಗಳಲ್ಲಿ ಎರಡು ಬಗೆ. ಬೆನ್ನಿನ ಮೇಲೆ ಕೊಂಡಿ ಇರುವಂಥದ್ದು ಹಿಮಬಂಡಿ ಎಳೆಯುವ ನಾಯಿಗಳ ಸಜ್ಜಿನ ತತ್ವದಲ್ಲೇ ಕೆಲಸ ಮಾಡುತ್ತದೆ: ಭಾರವನ್ನು ಎದೆ ಮತ್ತು ಹೆಗಲಿಗೆ ಹಂಚಿ, ಎಳೆಯುವುದನ್ನು ಆರಾಮದಾಯಕವಾಗಿಸುತ್ತದೆ. ಪೊಮೇರಿಯನ್‌ಗೆ ಇದು ಸಾಕು, ಏಕೆಂದರೆ ಅದು ಎಷ್ಟೇ ಎಳೆದರೂ ಅಣ್ಣನ ತೋಳು ತಡೆಯುತ್ತದೆ. ಲ್ಯಾಬ್ರಡಾರ್‌ಗೆ ಇದನ್ನು ತೊಡಿಸಿ ಕಡಲತೀರಕ್ಕೆ ಹೋದವರು ಅದರ ಹಿಂದೆ ಓಡಬೇಕಾಗುತ್ತದೆ. ಎರಡನೆಯದರಲ್ಲಿ ಕೊಂಡಿ ಎದೆಯ ಮುಂಭಾಗದಲ್ಲಿರುತ್ತದೆ. ನಾಯಿ ಮುಂದೆ ಜಗ್ಗಿದಾಗ ಹಗ್ಗ ಬಿಗಿಯಾಗಿ ಅದರ ಎದೆಯನ್ನು ಪಕ್ಕಕ್ಕೆ ತಿರುಗಿಸುತ್ತದೆ. ದೇಹ ನಮ್ಮತ್ತ ಹೊರಳುವುದರಿಂದ ಹಿಂಗಾಲುಗಳ ಬಲ ನೇರವಾಗಿ ಮುಂದಕ್ಕೆ ಹೋಗದೆ ವ್ಯರ್ಥವಾಗುತ್ತದೆ. ಇಲ್ಲಿ ನೋವಿನ ಪಾತ್ರವಿಲ್ಲ. ನಮ್ಮ ನಾಯಿಯಲ್ಲಿ ಅತ್ಯಂತ ಸ್ಪಷ್ಟವಾದ, ಕೂಡಲೇ ಕಂಡ ವ್ಯತ್ಯಾಸವೆಂದರೆ ಇದೇ. ನನಗಿಂತ ಕಡಿಮೆ ತೂಕದ ಮಗಳು ಕೂಡ ಹೆದ್ದಾರಿ 66ರ ಪಕ್ಕದಲ್ಲಿ ಅದನ್ನು ಹಿಡಿದು ನಡೆಯುವಂತಾಯಿತು.

ಕೊಳ್ಳುವಾಗ ಎದೆಯ ಮೇಲಿನ ಪಟ್ಟಿಯ ಆಕಾರವನ್ನು ಗಮನಿಸಬೇಕು. ಹೆಗಲಿನ ಮೇಲೆ ಅಡ್ಡಲಾಗಿ ಹಾಯುವ ಪಟ್ಟಿ ಮುಂಗಾಲು ಚಾಚುವುದಕ್ಕೆ ಅಡ್ಡಿಯಾಗುತ್ತದೆ. ಎದೆಮೂಳೆಯ ಮೇಲೆ ಕವೆಗೋಲಿನ ಆಕಾರದಲ್ಲಿ ಕೂಡುವ ಪಟ್ಟಿ ಹೆಗಲನ್ನು ಮುಕ್ತವಾಗಿ ಬಿಡುತ್ತದೆ. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲವಿರಬೇಕು, ಅದಕ್ಕಿಂತ ಹೆಚ್ಚಾದರೆ ಮುಂಭಾಗದ ಕೊಂಡಿ ಪಕ್ಕಕ್ಕೆ ಜಾರಿ ಕೆಲಸ ಕೆಡುತ್ತದೆ. ಇದರ ದೊಡ್ಡ ದೌರ್ಬಲ್ಯ ಕಂಕುಳಿನಲ್ಲಿದೆ: ಸಮುದ್ರದ ನೀರಿನಲ್ಲಿ ನೆನೆದು, ಮರಳು ಮೆತ್ತಿಕೊಂಡ ಪಟ್ಟಿ ಅಲ್ಲಿನ ತೆಳು ಚರ್ಮವನ್ನು ಉಜ್ಜಿ ಕೆಂಪಾಗಿಸುತ್ತದೆ. ನೀರಿಗಿಳಿಯುವ ಮುನ್ನ ಬಿಚ್ಚುವುದು, ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ಜಾಲಾಡುವುದು, ಇವೆರಡನ್ನೂ ತಪ್ಪಿಸುವಂತಿಲ್ಲ. ಶಿರಸಿಯಲ್ಲಿ ಕಾರಣ ಬೇರೆ. ಸೊಪ್ಪಿನ ಬೆಟ್ಟದ ದಾರಿಯಲ್ಲಿ ನಡೆದು ಬಂದ ನಾಯಿಯ ಎದೆಪಟ್ಟಿಯ ಕೆಳಗೆ ಮಳೆಗಾಲದಲ್ಲಿ ಉಂಬಳಗಳೂ ಬೇಸಿಗೆಗೆ ಮುನ್ನ ಉಣುಗುಗಳೂ ಅಡಗಿರುತ್ತವೆ. ಉಣುಗುಗಳಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಿಸಲ್ಪಟ್ಟದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಅಂದರೆ ನಮ್ಮ ನೆರೆಯಲ್ಲೇ. ಎದೆಪಟ್ಟಿಯನ್ನು ಜಗಲಿಯಲ್ಲಿಯೇ ಬಿಚ್ಚಿ, ಅದರ ಅಡಿಯ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡದೆ ಅಣ್ಣನ ಮನೆಯಲ್ಲಿ ನಾಯಿಯನ್ನು ಒಳಗೆ ಬಿಡುವುದಿಲ್ಲ.

ಮುಖಪಟ್ಟಿ ಎದೆಪಟ್ಟಿಗಿಂತ ಬಲಶಾಲಿ, ಆದರೆ ಹೆಚ್ಚು ತಾಳ್ಮೆ ಬೇಡುವಂಥದ್ದು. ಒಂದು ಕುಣಿಕೆ ಮೂತಿಯ ಮೇಲೆ, ಇನ್ನೊಂದು ಕಿವಿಯ ಹಿಂದೆ. ಹಗ್ಗ ಗಲ್ಲದ ಕೆಳಗೆ ಸೇರುತ್ತದೆ. ಮೂಗುದಾರ ಹಿಡಿದವನಿಗೆ ಎತ್ತು ಮಣಿಯುವಂತೆ ಇಲ್ಲಿಯೂ ತಲೆ ತಿರುಗಿದತ್ತ ದೇಹ ತಿರುಗುತ್ತದೆ, ಚುಚ್ಚುವಿಕೆಯೊಂದು ಇಲ್ಲ. ನಮ್ಮ ತೀರದಲ್ಲಿ ಇದಕ್ಕೊಂದು ವಿಶೇಷ ಉಪಯೋಗವಿದೆ. ರಂಪಣಿ ಬಲೆ ಎಳೆದಾದ ಮೇಲೆ ಬೇಡವಾದ ಮೀನುಗಳು ಮರಳಿನ ಮೇಲೆ ಉಳಿಯುತ್ತವೆ, ಅವುಗಳಲ್ಲಿ ಚೆಂಡಿನಂತೆ ಉಬ್ಬುವ ಪಫರ್ ಮೀನೂ ಇರಬಹುದು. ಪಫರ್‌ನ ಹಲವು ಪ್ರಭೇದಗಳ ಯಕೃತ್ತು, ಅಂಡಾಶಯ ಮತ್ತು ಚರ್ಮಗಳಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿರುತ್ತದೆ. ಅದು ನರಗಳ ಸಂದೇಶವನ್ನು ತಡೆದು ಉಸಿರಾಟದ ಸ್ನಾಯುಗಳನ್ನು ನಿಲ್ಲಿಸುತ್ತದೆ, ಅದಕ್ಕೆ ಪ್ರತ್ಯೌಷಧವಿಲ್ಲ. ನೆಲ ಮೂಸುತ್ತ ನಡೆಯುವ ಲ್ಯಾಬ್ರಡಾರ್‌ನ ಮೂತಿಯನ್ನು ಅಂತಹ ಮೀನಿನಿಂದ ಆಚೆಗೆ ತಿರುಗಿಸುವುದು ಎದೆಪಟ್ಟಿಯಿಂದ ಆಗುವ ಕೆಲಸವಲ್ಲ. ಬೈತಖೋಲದ ಮೀನುಗಾರಿಕೆ ಬಂದರಿನ ಕಡೆಗೆ ಅಥವಾ ಬಲೆ ಎಳೆದ ತೀರಕ್ಕೆ ಹೋಗುವಾಗ ನಾನು ಇಂದಿಗೂ ಮುಖಪಟ್ಟಿಯನ್ನೇ ತೊಡಿಸುತ್ತೇನೆ.

ಆದರೆ ಅದನ್ನು ತೊಡಿಸಿದೊಡನೆ ನಡೆಯುವುದು ಸಾಧ್ಯವಿಲ್ಲ. ಮೊದಮೊದಲು ನಾಯಿ ಮುಂಗಾಲಿನಿಂದ ಮೂತಿಯನ್ನು ಕೆರೆದುಕೊಳ್ಳುತ್ತದೆ, ಮುಖವನ್ನು ನೆಲಕ್ಕೆ ಉಜ್ಜುತ್ತದೆ. ಕುಣಿಕೆಯೊಳಗಿಂದ ತಿನಿಸು ಕೊಟ್ಟು, ತಾನಾಗಿಯೇ ಮೂತಿ ತೂರಿಸುವವರೆಗೆ ಮನೆಯೊಳಗೇ ಅಭ್ಯಾಸ ಮಾಡಿಸಬೇಕು; ಅವಸರ ಮಾಡುವವರಿಗೆ ಇದು ಹೇಳಿದ್ದಲ್ಲ. ಹಗ್ಗ ಗಿಡ್ಡವಾಗಿಯೇ ಇರಬೇಕು ಮತ್ತು ಹಠಾತ್ತನೆ ಜಗ್ಗಬಾರದು, ಏಕೆಂದರೆ ಓಡುವ ನಾಯಿಯ ತಲೆ ಒಮ್ಮೆಲೇ ತಿರುಚಿದರೆ ಕುತ್ತಿಗೆಗೆ ಪೆಟ್ಟಾಗುತ್ತದೆ. ಬೀದಿನಾಯಿ ಕಂಡಾಗ ಥಟ್ಟನೆ ಹಾರುವ ಚಾಳಿ ಇರುವ ನಾಯಿಗೆ ಇದೇ ಕಾರಣಕ್ಕೆ ನಾನು ಎದೆಪಟ್ಟಿಯನ್ನೇ ಸೂಚಿಸುತ್ತೇನೆ. ಮತ್ತೊಂದು ಸಣ್ಣ ಉಪದ್ರವವಿದೆ: ಮುಖದ ಮೇಲೆ ಪಟ್ಟಿ ಕಂಡವರೆಲ್ಲ ಇದು ಕಚ್ಚುವ ನಾಯಿ, ಬಾಯಿಗೆ ಕುಕ್ಕೆ ಹಾಕಿದ್ದಾರೆ ಎಂದೇ ತಿಳಿದು ಮಕ್ಕಳನ್ನು ಎಳೆದುಕೊಳ್ಳುತ್ತಾರೆ. ಪಾಪದ ನಾಯಿ ಆ ಪಟ್ಟಿ ತೊಟ್ಟೇ ಬಾಯಿ ತೆರೆದು ಆಕಳಿಸಬಲ್ಲದು, ನೀರು ಕುಡಿಯಬಲ್ಲದು. ಭಾನುವಾರದ ಸಂಜೆ ಟಾಗೋರ್ ಕಡಲತೀರದಲ್ಲಿ ಜನ ದೂರ ಸರಿಯುವುದು ಒಮ್ಮೊಮ್ಮೆ ಅನುಕೂಲವೇ ಆಗುತ್ತದೆ ಎನ್ನುವುದು ಬೇರೆ ಮಾತು.

ಪಟ್ಟಿಯಿಂದ ತಲೆ ನುಣುಚಿಸಿಕೊಳ್ಳುವ ನಾಯಿಗೆ ಮಾರ್ಟಿಂಗೇಲ್ ಎಂಬ ಪಟ್ಟಿ ಇದೆ. ಇದು ಒಂದು ಮಿತಿಯವರೆಗೆ ಮಾತ್ರ ಬಿಗಿಯಾಗಿ ಅಲ್ಲಿಗೇ ನಿಲ್ಲುತ್ತದೆ. ಮುಧೋಳ ನಾಯಿಯಂತೆ ಕೊರಳಿಗಿಂತ ತಲೆ ಕಿರಿದಾಗಿರುವ ಬೇಟೆನಾಯಿಗಳಿಗೆ ಹೇಳಿ ಮಾಡಿಸಿದ್ದು. ದಪ್ಪ ತಲೆಯ ನಮ್ಮ ಲ್ಯಾಬ್ರಡಾರ್‌ಗೆ ಅದರಿಂದ ಲಾಭವೂ ಆಗಲಿಲ್ಲ, ನಷ್ಟವೂ ಆಗಲಿಲ್ಲ.

ಹಗ್ಗಗಳಲ್ಲಿ ನಾನು ಸಂಪೂರ್ಣವಾಗಿ ತಿರಸ್ಕರಿಸುವುದು ಡಬ್ಬಿಯೊಳಗೆ ಸುತ್ತಿಕೊಳ್ಳುವ ಸ್ಪ್ರಿಂಗು ಹಗ್ಗವನ್ನು. ಜಗ್ಗಿದರೆ ಹಗ್ಗ ಉದ್ದವಾಗುತ್ತದೆ ಎಂಬುದನ್ನೇ ಅದು ನಾಯಿಗೆ ದಿನವೂ ಕಲಿಸುತ್ತದೆ, ಅದರ ತೆಳು ದಾರ ಕಾಲಿಗೆ ಸುತ್ತಿದರೆ ಚರ್ಮ ಸುಡುತ್ತದೆ, ಕೈಯಿಂದ ಜಾರಿದ ಡಬ್ಬಿ ಸದ್ದು ಮಾಡುತ್ತ ಬೆನ್ನಟ್ಟಿ ಬಂದಾಗ ನಾಯಿ ರಸ್ತೆಗೇ ಓಡುತ್ತದೆ. ಮರಳು ಹೊಕ್ಕ ಮೇಲೆ ಅದರ ಬ್ರೇಕನ್ನು ನಂಬುವಂತೆಯೇ ಇಲ್ಲ. ಪೇಟೆಗೆ ಒಂದೂವರೆ ಮೀಟರಿನ ಸಾಮಾನ್ಯ ಹಗ್ಗ ಸಾಕು. ಖಾಲಿ ತೀರದಲ್ಲಿ ಬಿಟ್ಟು ಓಡಿಸುವುದಕ್ಕೆ ಮೀನುಗಾರಿಕೆ ಸಾಮಾನಿನ ಅಂಗಡಿಯಿಂದ ಹತ್ತು ಮೀಟರ್ ಪಾಲಿಪ್ರೊಪಿಲೀನ್ ಹಗ್ಗ ತಂದು, ತಿರುಗುವ ಹಿತ್ತಾಳೆ ಕೊಂಡಿ ಕಟ್ಟಿಸಿದ್ದೇನೆ. ಅದು ನೀರಿನ ಮೇಲೆ ತೇಲುತ್ತದೆ, ಬೆಲೆಯೂ ಕಡಿಮೆ. ಅಂಗೈ ಸುಡದಿರಲು ಕೈಗವಸು ಬೇಕು. ಈ ಉದ್ದನೆಯ ಹಗ್ಗವನ್ನು ಎದೆಪಟ್ಟಿಯ ಬೆನ್ನಿನ ಕೊಂಡಿಗೆ ಮಾತ್ರ ಸೇರಿಸಬೇಕು, ಕೊರಳಿಗಾಗಲಿ ಮುಖಪಟ್ಟಿಗಾಗಲಿ ಎಂದಿಗೂ ಸೇರಿಸಬಾರದು.

ಎದೆಪಟ್ಟಿ ಕೊಂಡವರು ಕೆಲವೇ ವಾರಗಳಲ್ಲಿ ಇದೂ ಪ್ರಯೋಜನವಿಲ್ಲ ಎನ್ನುವುದನ್ನು ಕೇಳಿದ್ದೇನೆ. ಮುಂಭಾಗದ ಕೊಂಡಿ ಎಳೆತದ ಬಲವನ್ನು ಮುರಿಯುತ್ತದೆ, ಪಕ್ಕದಲ್ಲಿ ನಡೆಯುವುದನ್ನು ನಾವೇ ಕಲಿಸಬೇಕು. ಹಗ್ಗ ಬಿಗಿಯಾದಾಗ ನಿಲ್ಲುವುದು, ಸಡಿಲವಾದಾಗ ಮುಂದೆ ಹೆಜ್ಜೆ ಇಡುವುದು, ಮೊಣಕಾಲಿನ ಪಕ್ಕಕ್ಕೆ ಬಂದಾಗಲೆಲ್ಲ ತಿನಿಸು ಕೊಡುವುದು, ಇದಿಷ್ಟೇ ವಿಧಾನ. ತಿನಿಸಿಗೆ ಒಣಮೀನು ಬೇಡ, ಅದರಲ್ಲಿ ಉಪ್ಪು ವಿಪರೀತ. ಉಪ್ಪು ಹಾಕದೆ ಬೇಯಿಸಿ ಮುಳ್ಳು ತೆಗೆದ ಮೀನಿನ ತುಣುಕಿಗೆ ನಮ್ಮ ನಾಯಿ ಯಾವ ಬೀದಿನಾಯಿಯನ್ನೂ ಮರೆಯುತ್ತದೆ, ಆದರೆ ಆ ಬೀದಿನಾಯಿ ಸಾಕಷ್ಟು ದೂರದಲ್ಲಿದ್ದಾಗ ಮಾತ್ರ. ದೂರ ಕಡಿಮೆಯಾದರೆ ಯಾವ ಪಟ್ಟಿಯನ್ನೂ ನಂಬದೆ, ಬೊಗಳಾಟ ಶುರುವಾಗುವ ಮುನ್ನವೇ ಹಿಂದಿರುಗಿ ನಡೆಯುವುದು ಒಳ್ಳೆಯದು.

ಶಿರಸಿಯ ಪೊಮೇರಿಯನ್‌ನ ವಿಷಯದಲ್ಲಿ ಇನ್ನೊಂದು ಬಾಕಿ ಉಳಿದಿದೆ. ತೋಟಕ್ಕೆ ಮುಸಿಯಗಳ, ಅಂದರೆ ಕಪ್ಪುಮುಖದ ಕೋತಿಗಳ, ಹಿಂಡು ಇಳಿದಾಗ ಅದಕ್ಕೆ ಮೀನೂ ಬೇಡ, ಕರೆಯೂ ಕೇಳಿಸದು. ಎದೆಪಟ್ಟಿಯ ಬೆನ್ನಿನ ಮೇಲೊಂದು ಹಿಡಿಕೆ ಇರುವುದನ್ನು ಅಣ್ಣ ಈಗ ತರಿಸಿಕೊಂಡಿದ್ದಾನೆ. ಹಿಂಡು ಕಂಡೊಡನೆ ಆ ಹಿಡಿಕೆಯಿಂದ ನಾಯಿಯನ್ನು ಎತ್ತಿ ಕಂಕುಳಲ್ಲಿ ಇರಿಸಿಕೊಂಡು ಮನೆಯ ಕಡೆ ನಡೆಯುತ್ತಾನೆ.