ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಂಡಿ ಆಪರೇಷನ್ ಮಾಡ್ತಾರಾ? ರಾತ್ರಿ ನೋವಿಗೆ ಏನು ಕೊಡ್ತೀರಿ ಅಂತ ಮೊದಲೇ ಕೇಳಿ

ಮಂಡಿಯೊಳಗಿನ ಮೆತ್ತೆಯಂಥ ಮೆನಿಸ್ಕಸ್ ಹರಿದಿತ್ತು, ಆರ್ತ್ರೋಸ್ಕೋಪಿ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಮಾಡಿಸಿಕೊಂಡೆ. ಆಸ್ಪತ್ರೆಯ ಹೆಸರು ಬೇಡ. ಆಪರೇಷನ್ ಬಗ್ಗೆ ನನ್ನ ತಕರಾರಿಲ್ಲ. ಸೊಂಟದ ಕೆಳಗೆ ಮರಗಟ್ಟಿಸುವ ಬೆನ್ನಿನ ಇಂಜೆಕ್ಷನ್ ಕೂಡ ಚೆನ್ನಾಗಿಯೇ ಹಿಡಿಯಿತು. ಮಾನಿಟರ್‌ನಲ್ಲಿ ನನ್ನದೇ ಮಂಡಿಯ ಒಳಭಾಗ ನೋಡುತ್ತಾ ಆರಾಮಾಗಿ ಮಲಗಿದ್ದೆ.

ಗೋಳು ಶುರುವಾದದ್ದು ವಾರ್ಡಿಗೆ ಬಂದ ಮೇಲೆ. ಈ ಮರಗಟ್ಟುವಿಕೆ ಸಾಮಾನ್ಯವಾಗಿ 2ರಿಂದ 4 ಗಂಟೆ ಇರುತ್ತದೆ, ಅಷ್ಟೇ. ಕಾಲ್ಬೆರಳು ಅಲ್ಲಾಡಿದಾಗ ಖುಷಿಪಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಹಲ್ಲು ಕಚ್ಚಿ ಹಿಡಿಯುವಂಥ ನೋವು. ಬೆಲ್ ಒತ್ತಿದೆ. ಸಿಸ್ಟರ್ ಫೈಲ್ ತಿರುವಿದರು. "ನೋವಿದ್ದರೆ ಕೊಡಿ ಅಂತ ಬರೆದಿದ್ದಾರೆ ಸರ್, ಯಾವ ಔಷಧಿ ಅಂತಾನೇ ಇಲ್ಲ. ಡ್ಯೂಟಿ ಡಾಕ್ಟರ್ ಬರಲಿ" ಅಂದರು. ಪಾಪ, ಅವರದೇನು ತಪ್ಪು? ಡ್ಯೂಟಿ ಡಾಕ್ಟರ್ ಐಸಿಯುನಲ್ಲಿದ್ದರಂತೆ. ಅವರು ಬರುವ ಹೊತ್ತಿಗೆ ಬೆಡ್‌ಶೀಟ್ ಬೆವರಿಗೆ ಒದ್ದೆಯಾಗಿತ್ತು. ಸಾಲದ್ದಕ್ಕೆ ಮೂತ್ರವೂ ಕಟ್ಟಿತ್ತು. ಈ ಇಂಜೆಕ್ಷನ್‌ನಿಂದ ಹಾಗಾಗುವುದುಂಟು, ಆದರೆ ಯಾರೂ ಮೊದಲು ಹೇಳಿರಲಿಲ್ಲ. ಕೊನೆಗೆ ಟ್ಯೂಬ್ ಹಾಕಿದರು.

ನೋವು ಒಮ್ಮೆ ಏರಿದರೆ ಇಳಿಸುವುದು ಕಷ್ಟ. ಮರಗಟ್ಟಿದ್ದು ಬಿಡುವ ಮೊದಲೇ ಪ್ಯಾರಸಿಟಮಾಲ್ ಶುರುಮಾಡಿ, ಹೊತ್ತಿಗೆ ಸರಿಯಾಗಿ ಕೊಡುತ್ತಾ ಹೋಗಬಹುದು. ಕಿಡ್ನಿ, ಹೊಟ್ಟೆ ಸರಿಯಿದ್ದವರಿಗೆ ಜೊತೆಗೆ ಇನ್ನೊಂದು ನೋವಿನ ಔಷಧಿ ಸೇರಿಸುತ್ತಾರೆ. ಆಪರೇಷನ್ ಮುಗಿಸುವಾಗ ಸರ್ಜನ್ ಮಂಡಿಯೊಳಗೇ ಮರಗಟ್ಟುವ ಔಷಧಿ ಬಿಡುವುದೂ ಇದೆ. ಇದರಲ್ಲಿ ನಿಮಗೆ ಯಾವುದು ಅಂತ ಅನಸ್ತೇಶಿಯಾ ಡಾಕ್ಟರನ್ನೇ ಕೇಳಿ. ಔಷಧಿ, ಡೋಸ್, ಹೊತ್ತು, ಮೂರೂ ಫೈಲ್‌ನಲ್ಲಿ ಬರೆಸಿ. ಮುಜುಗರ ಬೇಡ, ದುಡ್ಡು ಕೊಡೋದು ನಾವೇ ಅಲ್ವಾ? ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಅದನ್ನೂ ತಪ್ಪದೇ ಹೇಳಿ. ಬೆನ್ನಿಗೆ ಸೂಜಿ ಹಾಕುವಾಗ ಅದು ಸಣ್ಣ ವಿಷಯವಲ್ಲ.

ಮನೆಗೆ ಬಂದ ಮೇಲೆ ಇನ್ನೊಂದು ಕಾಟ. ಎದ್ದು ಕೂತರೆ ತಲೆ ಸಿಡಿಯುತ್ತಿತ್ತು, ಮಲಗಿದರೆ ಮಾಯ. ಫೋನ್ ಮಾಡಿದರೆ "ಗ್ಯಾಸ್ ಇರಬೇಕು" ಅಂದರು! ಸೂಜಿ ಚುಚ್ಚಿದ ತೂತಿನಿಂದ ಬೆನ್ನುಹುರಿ ಸುತ್ತಲಿನ ದ್ರವ ಸೋರಿದರೆ ಹೀಗೆ ಆಗುತ್ತದೆ ಅಂತ ಆಮೇಲೆ ಬೇರೆ ಡಾಕ್ಟರ್ ಹೇಳಿದರು. ಹೆಚ್ಚಿನವರಿಗೆ ತಾನಾಗಿ ಕಡಿಮೆಯಾಗುತ್ತದೆ. ಜಾಸ್ತಿಯಾದರೆ ನಮ್ಮದೇ ಕೈಯಿಂದ ರಕ್ತ ತೆಗೆದು ಬೆನ್ನಿನ ಆ ಜಾಗದಲ್ಲಿ ಬಿಡುವ ಚಿಕಿತ್ಸೆಯೂ ಇದೆ. ಆದರೆ ತಲೆನೋವಿನ ಜೊತೆ ಜ್ವರ ಬಂದರೆ, ಕಣ್ಣು ಮಂಜಾದರೆ, ಮರಗಟ್ಟಿದ್ದು ಬಿಟ್ಟ ಕಾಲು ಮತ್ತೆ ಜೋಮು ಹಿಡಿದರೆ ಫೋನ್ ಮಾಡುತ್ತಾ ಕೂರಬೇಡಿ. ನೇರ ಎಮರ್ಜೆನ್ಸಿಗೆ ಹೋಗಿ.