ಕಾರ್ನರ್ ಕಿಕ್: ಎತ್ತಿ ಹೊಡೆಯೋದಾ, ಚಿಕ್ಕ ಪಾಸಾ?

ಫುಟ್‌ಬಾಲ್‌ನಲ್ಲಿ ಮೈದಾನದ ಮೂಲೆಯಿಂದ ಹೊಡೆಯುವ ಈ ಕಿಕ್‌ನಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಯಾವುದನ್ನು ಮೊದಲು ಕಲಿಸಬೇಕು? ಮಡಿಕೇರಿ ಕಡೆಯ ಮಳೆಗಾಲದ ಮೈದಾನ ನೋಡಿದವರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಗೋಲಿನ ಮುಂದೆ ಎತ್ತಿ ಹೊಡೆಯುವುದನ್ನು ಹೇಳಿಕೊಡುವುದು ಸುಲಭ. ಕಾರ್ನರ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡೂ (ಪಾಸ್ ಕೊಡುವಾಗ ಚೆಂಡಿಗಿಂತಲೂ, ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಗೋಲ್ ಗೆರೆಗೆ ಹತ್ತಿರ ಇರುವ ತಪ್ಪು) ಇಲ್ಲ. ಆದರೆ ಪುಟ್ಟ ಕಾಲಿಗೆ ಅಷ್ಟು ಬಲ ಬೇಕಲ್ವಾ? ಒದ್ದೆ ಚೆಂಡು ಮೊದಲ ಡಿಫೆಂಡರ್‌ನ ಕಾಲಿಗೇ ಹೋಗಿ ಬೀಳುತ್ತದೆ. ಮೇಲೆ ಬಂದರೂ ತಲೆ ಕೊಡು ಅಂತ ಆ ವಯಸ್ಸಿನವರಿಗೆ ನಾನಂತೂ ಹೇಳುವುದಿಲ್ಲ.

ಚಿಕ್ಕ ಪಾಸಿಗೆ ಜಾಗ ಇದ್ದೇ ಇರುತ್ತದೆ. ದೊಡ್ಡ ಮೈದಾನದ ನಿಯಮದಂತೆ ಎದುರಾಳಿಗಳು 9.15 ಮೀಟರ್ ದೂರ ನಿಲ್ಲಬೇಕು. ನಮ್ಮ ಮಕ್ಕಳಿಗೆ ಹಾಕಿಯ ಪೆನಾಲ್ಟಿ ಕಾರ್ನರ್ ನೆನಪಿಸಿದರೆ ಸಾಕು: ಒಬ್ಬ ತಳ್ಳುತ್ತಾನೆ, ಒಬ್ಬ ನಿಲ್ಲಿಸುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ. ಥಟ್ಟನೆ ಅರ್ಥವಾಗುತ್ತದೆ.

ಎಡವಟ್ಟು ಆಗುವುದು ಒಂದೇ ಕಡೆ. ಪಾಸ್ ಕೊಟ್ಟ ಹುಡುಗ ಬಾವುಟದ ಹತ್ತಿರ ಸುಮ್ನೆ ನಿಂತುಬಿಡುತ್ತಾನೆ. ಚೆಂಡು ವಾಪಸ್ ಅವನಿಗೇ ಬಂದರೆ, ಹೆಚ್ಚಿನ ಸಲ ರೆಫರಿ ಆಫ್‌ಸೈಡ್ ಸೀಟಿ ಊದುತ್ತಾರೆ. "ಕೊಟ್ಟ ಕೂಡಲೇ ಚೆಂಡಿನ ಹಿಂದಕ್ಕೆ ಓಡು ಮಗಾ" ಅಂತ ಹತ್ತು ಸಲ ಕೂಗಬೇಕಾಗುತ್ತದೆ.

ಆದರೂ ಚಿಕ್ಕವರಿಗೆ ಚಿಕ್ಕ ಪಾಸೇ ಸರಿ. ಹುಡುಗರು 14 ದಾಟಿ, ಬೇಸಿಗೆಯ ಗಟ್ಟಿ ನೆಲವೂ ಸಿಕ್ಕರೆ ಎತ್ತಿ ಹೊಡೆಸಿ.